ಕಾಡಿಗೆ ನಾಮಕರಣ ಮಾಡಿದವರು ಯಾರು?

ಮನೆಯಲ್ಲಿ ಮಗು ಹುಟ್ಟಿದರೆ ತೊಟ್ಟಿಲು ಕಟ್ಟಿ, ನೆಂಟರಿಷ್ಟರನ್ನು ಕರೆದು, ಕಿವಿಯಲ್ಲಿ ಹೆಸರು ಹೇಳಿ ನಾಮಕರಣ ಮಾಡುತ್ತೇವೆ. ಹೊಸ ಬಡಾವಣೆಗೆ ಹೆಸರಿಡಬೇಕಾದರೆ ನಗರಸಭೆಯಲ್ಲಿ ಚರ್ಚೆಯಾಗುತ್ತದೆ, ಠರಾವು ಪಾಸಾಗುತ್ತದೆ, ಕೊನೆಗೆ ಫಲಕ ಬೀಳುತ್ತದೆ. ಆದರೆ ಸಹ್ಯಾದ್ರಿಯ ದಟ್ಟ ಕಾಡಿನೊಳಗೆ, ವರ್ಷಕ್ಕೆ ನಾಲ್ಕು ಜನ ಹೋಗುವುದೂ ಕಷ್ಟವಾದ ಕಡೆ, ಒಂದು ಬಂಡೆಗೆ ಹೆಸರಿದೆ. ಒಂದು ಝರಿಗೆ ಹೆಸರಿದೆ. ಎರಡು ಗುಡ್ಡಗಳ ನಡುವಿನ ಕಣಿವೆಗೂ ಹೆಸರಿದೆ. ಇವುಗಳಿಗೆ ತೊಟ್ಟಿಲು ಕಟ್ಟಿದವರು ಯಾರು?

ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಸೊಪ್ಪು ತರಲು ಹೋದವರು, ದನ ಮೇಯಿಸಿದವರು, ಜೇನು ಕೊಯ್ದವರು, ದೇವರಿಗೆ ಹಣ್ಣುಕಾಯಿ ಒಯ್ದವರು, ಸಮುದ್ರದಿಂದ ಬೆಟ್ಟ ನೋಡಿದವರು, ಕುದುರೆಯೇರಿ ಬಂದ ಇಂಗ್ಲಿಷ್ ಅಧಿಕಾರಿಗಳು - ಎಲ್ಲರೂ ಹೆಸರಿಟ್ಟಿದ್ದಾರೆ. ಒಬ್ಬೊಬ್ಬರ ಹೆಸರಿನಲ್ಲೂ ಅವರವರ ಕಣ್ಣು, ಕಿವಿ, ಬದುಕು ಅಡಗಿದೆ. ನಮ್ಮ ಕಾಡುಗಳ ಇಂಥ ಕೆಲವು ಹೆಸರುಗಳನ್ನು ಈ ವಾರ ಬಿಡಿಸಿ ನೋಡೋಣ. ಹೆಸರು ಹೋದರೆ ಅದರೊಂದಿಗೆ ಏನೇನು ಹೋಗುತ್ತದೆ, ಉಳಿದರೆ ಏನು ಉಳಿಯುತ್ತದೆ ಎಂಬುದೂ ಆಗ ತಿಳಿಯುತ್ತದೆ.

ಕಿವಿ ಇಟ್ಟ ಹೆಸರು

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸುಮಾರು 116 ಮೀಟರ್ ಎತ್ತರದಿಂದ ಕಣಿವೆಗೆ ಧುಮುಕುತ್ತದೆ. ಪ್ರವಾಸಿಗಳಿಗೆ ಇದು ಉಂಚಳ್ಳಿ ಜಲಪಾತ. ಹತ್ತಿರದ ಹಳ್ಳಿಯಿಂದ ಬಂದ ಹೆಸರು ಅದು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಇದೇ ಜಲಪಾತ 'ಲಷಿಂಗ್ಟನ್ ಫಾಲ್ಸ್'. 1845ರಲ್ಲಿ ಜಿಲ್ಲೆಯ ಕಲೆಕ್ಟರ್ ಆಗಿದ್ದ ಜೆ.ಡಿ. ಲಷಿಂಗ್ಟನ್ ಇದನ್ನು 'ಕಂಡುಹಿಡಿದ'ನಂತೆ! ಅದಕ್ಕೂ ಮುಂಚೆ ಸುತ್ತಲಿನ ಜನ ಇದನ್ನು ಕಂಡಿರಲಿಲ್ಲವೆ? ಕಂಡಿದ್ದರು, ಅದಕ್ಕಿಂತ ಹೆಚ್ಚಾಗಿ ಕೇಳಿದ್ದರು. ಅವರು ಇಟ್ಟ ಹೆಸರು 'ಕೆಪ್ಪ ಜೋಗ'. ಹತ್ತಿರ ಹೋದರೆ ಪಕ್ಕದವನ ಮಾತೂ ಕೇಳದಷ್ಟು ಭೋರ್ಗರೆತ. ಕಿವಿ ಕೆಪ್ಪಾಗಿಸುವ ಜೋಗ, ಅದಕ್ಕೇ ಕೆಪ್ಪ ಜೋಗ.

ಮೂರು ಹೆಸರುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಲಷಿಂಗ್ಟನ್ ಎಂಬ ಹೆಸರು ಆ ಜಲಪಾತದ ಬಗ್ಗೆ ಏನನ್ನೂ ಹೇಳುವುದಿಲ್ಲ, ಒಬ್ಬ ಅಧಿಕಾರಿಯ ಬಗ್ಗೆ ಹೇಳುತ್ತದೆ. ಉಂಚಳ್ಳಿ ಎಂಬುದು ದಾರಿ ತೋರಿಸುತ್ತದೆ. ಕೆಪ್ಪ ಜೋಗ ಎಂದವರು ಮಾತ್ರ ಆ ನೀರಿನ ಎದುರು ನಿಂತವರು.

ಇಲ್ಲಿ 'ಜೋಗ' ಎಂಬ ಮಾತನ್ನು ಗಮನಿಸಿ. ಈ ಸೀಮೆಯ ಆಡುಮಾತಿನಲ್ಲಿ ಜೋಗ ಎಂದರೇ ಜಲಪಾತ. ಶರಾವತಿ 253 ಮೀಟರ್ (830 ಅಡಿ) ಆಳಕ್ಕೆ ಬೀಳುವ ತಾಣವನ್ನು ಹಿಂದಿನವರು ಜೋಗದ ಗುಂಡಿ ಎಂದೇ ಕರೆಯುತ್ತಿದ್ದರು. ಹಾಗಿರುವಾಗ 'ಜೋಗ ಜಲಪಾತ' ಎನ್ನುವುದು ಒಂದು ರೀತಿಯಲ್ಲಿ 'ಗೇಟು ಬಾಗಿಲು' ಎಂದಂತೆ! ಆದರೂ ರೂಢಿ ಬಲವಾದದ್ದು. ಅದನ್ನು ತಿದ್ದಲು ಹೋಗಬೇಕಾಗಿಲ್ಲ, ತಿಳಿದಿದ್ದರೆ ಸಾಕು.

ಜೋಗದ ನಾಲ್ಕು ಕವಲುಗಳ ಹೆಸರು ನಿಮಗೆಲ್ಲ ಗೊತ್ತು. ರಾಜ, ರೋರರ್, ರಾಕೆಟ್, ರಾಣಿ. ನೇರವಾಗಿ, ಗಂಭೀರವಾಗಿ ಇಳಿಯುವವನು ರಾಜ. ಅಬ್ಬರಿಸುತ್ತ ಬರುವವನು ರೋರರ್. ಬಾಣಬಿರುಸಿನಂತೆ ಚಿಮ್ಮುವುದು ರಾಕೆಟ್. ಬಂಡೆಯ ಮೇಲೆ ಬಳುಕುತ್ತ ನೊರೆಯ ಸೆರಗು ಹಾಸುವವಳು ರಾಣಿ. ಎರಡು ನಮ್ಮ ಮಾತು, ಎರಡು ಇಂಗ್ಲಿಷ್ ಮಾತು. ಆದರೆ ಈ ನಾಲ್ಕೂ ನೀರನ್ನು ನೋಡಿ ಇಟ್ಟ ಹೆಸರುಗಳೇ. ಅದಕ್ಕೇ ಇವು ಲಷಿಂಗ್ಟನ್ ಹೆಸರಿನಂತೆ ಮರೆತುಹೋಗದೆ ಶಾಲಾ ಮಕ್ಕಳ ಬಾಯಲ್ಲೂ ಉಳಿದಿವೆ.

ಕೊಡಗಿಗೆ ಬಂದರೆ ಜೋಗ ಹೋಗಿ 'ಅಬ್ಬಿ' ಬರುತ್ತದೆ. ಮಡಿಕೇರಿಯ ಸಮೀಪದ ಜಲಪಾತವನ್ನು ಇಂಗ್ಲಿಷರು ಮಡಿಕೇರಿಯ ಮೊದಲ ಪಾದ್ರಿಯೊಬ್ಬರ ಮಗಳ ನೆನಪಿಗೆ 'ಜೆಸ್ಸಿ ಫಾಲ್ಸ್' ಎಂದು ಕರೆದರೆಂದು ಹೇಳುತ್ತಾರೆ. ಈಗ ಆ ಜೆಸ್ಸಿಯನ್ನು ಕೇಳುವವರಿಲ್ಲ. ಎಲ್ಲರ ಬಾಯಲ್ಲೂ ಅದು ಅಬ್ಬಿ ಜಲಪಾತವೇ. ಅಬ್ಬಿ ಎಂದರೂ ಬೀಳುವ ನೀರೇ. ಆಗುಂಬೆಯ ಕಾಡಿನಲ್ಲಿ 'ಒನಕೆ ಅಬ್ಬಿ' ಇದೆ. ಭತ್ತ ಕುಟ್ಟುವ ಒನಕೆಯನ್ನು ಇಂದಿನ ಮಕ್ಕಳು ನೋಡಿರುವುದು ಕಡಿಮೆ. ನೋಡಿದವರಿಗೆ ಆ ಹೆಸರು ಕೇಳಿದೊಡನೆ ನೀಳವಾಗಿ, ನೇರವಾಗಿ ಬಂದು ಬಡಿಯುವ ನೀರು ಕಣ್ಣಿಗೆ ಕಟ್ಟುತ್ತದೆ. ಅಡಿಗೆಮನೆಯ ವಸ್ತುವೊಂದು ಕಾಡಿನ ನೀರಿಗೆ ಹೆಸರಾದದ್ದು ಹೀಗೆ.

ಬಣ್ಣ, ಆಕಾರ ಮತ್ತು ಕಬ್ಬಿಣ

ಬೆಟ್ಟಗಳ ವಿಷಯಕ್ಕೆ ಬಂದರೆ ಕಿವಿಗಿಂತ ಕಣ್ಣಿನ ಕೆಲಸ ಹೆಚ್ಚು. ಕುದುರೆಮುಖ ಶಿಖರ (ಎತ್ತರ 1,894 ಮೀಟರ್) ಒಂದು ಕಡೆಯಿಂದ ನೋಡಿದರೆ ಕುದುರೆಯ ಮೋರೆಯಂತೆ ಕಾಣುತ್ತದೆ. ಎಲ್ಲ ದಿಕ್ಕಿನಿಂದಲೂ ಹಾಗೆ ಕಾಣುವುದಿಲ್ಲ ಎಂಬುದನ್ನು ಮರೆಯಬೇಡಿ. ಆಕಾರದಿಂದ ಬಂದ ಹೆಸರು ಇನ್ನೊಂದು ಸಂಗತಿಯನ್ನೂ ಹೇಳುತ್ತದೆ - ಹೆಸರಿಟ್ಟವರು ಎಲ್ಲಿ ನಿಂತು ನೋಡಿದರು ಎಂಬುದನ್ನು! ಚಿಕ್ಕಮಗಳೂರಿನ ಬೆಟ್ಟಸಾಲು ಬಾಗಿದ ಚಂದ್ರನಂತಿರುವುದರಿಂದ ಚಂದ್ರದ್ರೋಣ. ಅದೇ ಸಾಲಿಗೆ ಅಲ್ಲಿ ನೆಲೆಸಿದ್ದ ಸೂಫಿ ಸಂತರಿಂದ ಬಾಬಾಬುಡನ್‌ಗಿರಿ ಎಂಬ ಹೆಸರೂ ಇದೆ. ನಮ್ಮ ನಾಡಿಗೆ ಕಾಫಿ ಬೀಜ ತಂದವರು ಅವರೇ ಎಂಬುದು ಪರಂಪರೆಯ ನಂಬಿಕೆ. ಆಕಾರ ಒಂದು ಹೆಸರು ಕೊಟ್ಟಿತು, ಮನುಷ್ಯ ಇನ್ನೊಂದು ಹೆಸರು ಕೊಟ್ಟ.

ಅದೇ ಬೆಟ್ಟಸಾಲಿನಲ್ಲಿ ಕೆಮ್ಮಣ್ಣುಗುಂಡಿ ಇದೆ. ವ್ಯಾಕರಣದ ಪಾಠದಲ್ಲಿ ಸಮಾಸ ಬಿಡಿಸುವ ಹಾಗೆ ಬಿಡಿಸಿ: ಕೆಂಪು, ಮಣ್ಣು, ಗುಂಡಿ. ಮಣ್ಣು ಕೆಂಪಗಿರುವುದು ಏಕೆ? ಅದರಲ್ಲಿ ಕಬ್ಬಿಣದ ಅಂಶ ಗಾಳಿ-ನೀರಿನ ಸಂಗದಿಂದ ತುಕ್ಕು ಹಿಡಿದಂತೆ ಆಗಿರುವುದರಿಂದ. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಅದಕ್ಕೆ ಅದಿರು ಬಂದದ್ದು ಈ ಕೆಮ್ಮಣ್ಣುಗುಂಡಿಯ ಬೆಟ್ಟಗಳಿಂದ. ಭೂವಿಜ್ಞಾನಿಗಳು ಸುತ್ತಿಗೆ ಹಿಡಿದು ಬರುವ ಎಷ್ಟೋ ಮೊದಲೇ ಹೆಸರು ತನ್ನ ಭಾಷೆಯಲ್ಲಿ ಆ ಸುದ್ದಿ ಹೇಳಿತ್ತು!

ಯಾಣದ ಕಥೆ ಬೇರೆ. 'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಎಂಬ ಗಾದೆ ಉತ್ತರ ಕನ್ನಡದಲ್ಲಿ ಪ್ರಸಿದ್ಧ. ಅಲ್ಲಿಗೆ ಹೋಗಲು ಮೈಯಲ್ಲಿ ಕಸುವು ಬೇಕು ಎಂದರ್ಥ. ಕಾಡಿನ ನಡುವೆ ಎರಡು ಕಡುಗಪ್ಪು ಸುಣ್ಣಕಲ್ಲಿನ ಶಿಖರಗಳು ಆಕಾಶಕ್ಕೆ ಚಾಚಿ ನಿಂತಿವೆ. ಸುಮಾರು 120 ಮೀಟರ್ ಎತ್ತರದ್ದು ಭೈರವೇಶ್ವರ ಶಿಖರ, ಸುಮಾರು 90 ಮೀಟರಿನದು ಮೋಹಿನಿ ಶಿಖರ. ಮೋಹಿನಿಯ ರೂಪ ತಾಳಿದ ವಿಷ್ಣು ಭಸ್ಮಾಸುರನನ್ನು ಕುಣಿಸಿ, ಅವನ ಕೈ ಅವನ ತಲೆಯ ಮೇಲೇ ಇರಿಸಿ ಬೂದಿ ಮಾಡಿದ್ದು ಇಲ್ಲೇ ಎನ್ನುತ್ತದೆ ಸ್ಥಳಪುರಾಣ. ಸುತ್ತಲಿನ ಮಣ್ಣು ಕಪ್ಪಾಗಿರುವುದಕ್ಕೆ ಆ ಬೂದಿಯೇ ಕಾರಣವಂತೆ. ಇದು ವಿಜ್ಞಾನದ ಉತ್ತರವಲ್ಲ, ನಿಜ. ಆದರೆ 'ಈ ಮಣ್ಣು ಸುತ್ತಲಿನ ಕೆಂಪು ಮಣ್ಣಿನಂತಿಲ್ಲವಲ್ಲ, ಏಕೆ?' ಎಂಬ ಪ್ರಶ್ನೆ ಇದೆಯಲ್ಲ, ಅದು ಅಪ್ಪಟ ವಿಜ್ಞಾನಿಯ ಪ್ರಶ್ನೆ. ಪ್ರಶ್ನೆ ಕೇಳಿದವರು ತಮಗೆ ಗೊತ್ತಿದ್ದ ರೀತಿಯಲ್ಲಿ ಉತ್ತರ ಕಟ್ಟಿಕೊಂಡರು, ಆ ಉತ್ತರ ಹೆಸರಾಗಿ ನಿಂತಿತು.

ನದಿಗಳಿಗೂ ಹೀಗೆಯೇ ಕಥೆಗಳಿವೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಶರಾವತಿ ಹುಟ್ಟುತ್ತದೆ. ಸೀತೆಯ ಬಾಯಾರಿಕೆ ತಣಿಸಲು ರಾಮ ಬಾಣ ಬಿಟ್ಟಾಗ ಚಿಮ್ಮಿದ ನೀರು ಇದು, ಶರದಿಂದ ಹುಟ್ಟಿದ್ದರಿಂದ ಶರಾವತಿ ಎಂಬ ಕಥೆ ನಿಮಗೆ ಗೊತ್ತಿರಬಹುದು. ಈಗ ನಿಘಂಟು ತೆಗೆಯಿರಿ. ಕನ್ನಡದಲ್ಲಿ ಅಂಬು ಎಂದರೆ ಬಾಣ, ಸಂಸ್ಕೃತದಲ್ಲಿ ಅಂಬು ಎಂದರೆ ನೀರು! 'ಶರ' ಎಂಬ ಪದಕ್ಕೂ ಬಾಣ ಎಂಬ ಅರ್ಥದ ಜೊತೆಗೆ ಜೊಂಡುಹುಲ್ಲು ಎಂಬ ಅರ್ಥವಿದೆ. ಜೊಂಡು ಬೆಳೆದ ನೀರಿನ ತಾಣಕ್ಕೂ ಶರಾವತಿ ಎನ್ನಬಹುದು. ಒಂದೇ ಹೆಸರಿನಲ್ಲಿ ಪುರಾಣವೂ ಕೂತಿದೆ, ಹೊಳೆಯ ದಂಡೆಯ ಹುಲ್ಲೂ ಕೂತಿದೆ.

ಮರದ ವಿಳಾಸ

ಕೆಲವು ಹೆಸರುಗಳು ಸಸ್ಯಶಾಸ್ತ್ರದ ಪಾಠವನ್ನೇ ಮಾಡುತ್ತವೆ. ಹೊಸನಗರ ತಾಲ್ಲೂಕಿನ ಕೊಡಚಾದ್ರಿ (1,343 ಮೀಟರ್) ಸಂಸ್ಕೃತದಲ್ಲಿ ಕುಟಜಾದ್ರಿ, ಅಂದರೆ ಕುಟಜದ ಬೆಟ್ಟ. ಕುಟಜ ಎಂದರೆ ನಮ್ಮ ಹಳ್ಳಿಗಳ ಕೊಡಸಿಗ. ಬಿಳಿಯ ಹೂ ಬಿಡುವ ಈ ಗಿಡದ ತೊಗಟೆ ಆಮಶಂಕೆ, ಭೇದಿಗಳಿಗೆ ಹೆಸರಾಂತ ಮದ್ದು. ಆಯುರ್ವೇದದ ಕುಟಜಾರಿಷ್ಟ ತಯಾರಾಗುವುದು ಇದರಿಂದಲೇ. ಬೆಟ್ಟದ ಹೆಸರನ್ನು ಬಲ್ಲವನಿಗೆ ಹೊಟ್ಟೆ ಕೆಟ್ಟಾಗ ಎಲ್ಲಿಗೆ ಹೋಗಬೇಕೆಂಬುದು ತಿಳಿದಿರುತ್ತಿತ್ತು ಎಂದಾಯಿತು.

ಘಟ್ಟದ ಕೆಳಗೆ, ಶರಾವತಿಯ ದಂಡೆಯಲ್ಲಿ ಗೇರುಸೊಪ್ಪೆ ಇದೆ. ಹದಿನಾರನೆಯ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿ ಆಳಿದ, ಕಾಳುಮೆಣಸಿನ ವ್ಯಾಪಾರಕ್ಕೆ ಹೆಸರಾದ ಊರು. ಗೇರು ಮತ್ತು ಸೊಪ್ಪು ಸೇರಿ ಗೇರುಸೊಪ್ಪೆಯಾಯಿತು ಎಂಬ ವಿವರಣೆ ರೂಢಿಯಲ್ಲಿದೆ. ಗೇರು ಎಂದೊಡನೆ ನಮಗೆ ನೆನಪಾಗುವುದು ಗೋಡಂಬಿ. ಸ್ವಲ್ಪ ತಡೆಯಿರಿ! ಗೋಡಂಬಿ ಬ್ರೆಜಿಲ್‌ ದೇಶದ ಮರ. ಪೋರ್ಚುಗೀಸರು ಅದನ್ನು ನಮ್ಮ ಕರಾವಳಿಗೆ ತಂದದ್ದು ಹದಿನಾರನೆಯ ಶತಮಾನದಲ್ಲಿ. ಗೇರುಸೊಪ್ಪೆ ಅದಕ್ಕಿಂತ ಹಳೆಯದು. ಹಾಗಾದರೆ ಇದು ಯಾವ ಗೇರು? ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರು. ಸಂಸ್ಕೃತದಲ್ಲಿ ಅದಕ್ಕೆ ಭಲ್ಲಾತಕ ಎನ್ನುತ್ತಾರೆ. ಗೇರುಸೊಪ್ಪೆಗೆ ಭಲ್ಲಾತಕೀಪುರ ಎಂಬ ಹೆಸರೂ ಇತ್ತೆಂಬುದನ್ನು ನೆನೆದರೆ ಲೆಕ್ಕ ಸರಿಹೋಗುತ್ತದೆ. ಮುಂದೆ ಬಂದ ಗೋಡಂಬಿ ಈ ಹಳೆಯ ಬಂಧುವಿನ ಹೆಸರನ್ನೇ ಎರವಲು ಪಡೆಯಿತು.

ಘಟ್ಟ ಹತ್ತಿ ಸಿದ್ದಾಪುರದ ಕಡೆಗೆ ಬಂದರೆ 'ಕತ್ತಲೆಕಾನು' ಎಂಬ ಸ್ಥಳವಿದೆ. ಕಾನು ಎಂದರೆ ಮಲೆನಾಡಿನ ಮಾತಿನಲ್ಲಿ ಎಂದೂ ಎಲೆಯುದುರಿ ಬೋಳಾಗದ, ಸದಾ ಹಸಿರಾದ ದಟ್ಟ ಕಾಡು. ನಡುಹಗಲಿನಲ್ಲೂ ಬಿಸಿಲು ನೆಲ ಮುಟ್ಟದಿರುವುದರಿಂದ ಅದು ಕತ್ತಲೆಕಾನು. ಅಲ್ಲಿ 'ಜಡ್ಡಿ' ಎಂದು ಕರೆಯುವ ಜೌಗು ನೆಲಗಳಿವೆ. ವರ್ಷವಿಡೀ ನೀರು ಒಸರುವ ಈ ನೆಲದಲ್ಲಿ ಕಾಡುಜಾಯಿಕಾಯಿಯ ಜಾತಿಯ ರಾಮಪತ್ರೆ ಮರಗಳು ಮಂಡಿಯಾಕಾರದ ಬೇರುಗಳನ್ನು ಕೆಸರಿನಿಂದ ಮೇಲೆತ್ತಿ ಉಸಿರಾಡುತ್ತ ನಿಂತಿರುತ್ತವೆ. ಜಗತ್ತಿನಲ್ಲಿಯೇ ಅಪರೂಪವಾದ ಕಾಡು ಇದು.

ಈ ಕತ್ತಲೆಕಾನಿನ ಜೌಗಿನಲ್ಲಿ ಸಸ್ಯವಿಜ್ಞಾನಕ್ಕೆ ಅದುವರೆಗೆ ಗೊತ್ತಿಲ್ಲದಿದ್ದ ಒಂದು ಮರ ಸಿಕ್ಕಿತು. 2000ದಲ್ಲಿ ಅದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು 'ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್'. ಮೊದಲ ಪದ ಕುಲದ ಹೆಸರು. ಮೇಲೆ ಹೇಳಿದ ಕರಿಗೇರಿನದೂ ಇದೇ ಕುಲ! ಎರಡನೆಯ ಪದದ ಅರ್ಥ 'ಕತ್ತಲೆಕಾನಿನದು' ಎಂದು. ಯಾರೋ ಸೊಪ್ಪು ತರುವವನೋ ದನ ಕಾಯುವವನೋ ಬಾಯಿಮಾತಿನಲ್ಲಿ ಇಟ್ಟ ಕನ್ನಡದ ಹೆಸರು ಈಗ ಜಗತ್ತಿನ ಸಸ್ಯಶಾಸ್ತ್ರದ ಗ್ರಂಥಗಳಲ್ಲಿದೆ. ಮರ ಮಾತ್ರ ತೀರಾ ವಿರಳ. ಕಾನಿನ ಕತ್ತಲೆ ಹರಿದು ಬಿಸಿಲು ಬಿದ್ದರೆ, ಜಡ್ಡಿಯ ನೀರು ಅಡಿಕೆ ತೋಟಕ್ಕೋ ಗದ್ದೆಗೋ ತಿರುಗಿದರೆ, ಹೆಸರು ಪುಸ್ತಕದಲ್ಲಿ ಉಳಿದು ಮರ ಹೋಗಿಬಿಡುತ್ತದೆ.

ನಕ್ಷೆಯಲ್ಲಿ ಕಾಣದ ಮಾತುಗಳು

ಮಲೆನಾಡಿನಲ್ಲಿ ಕಾಡು ಎಂಬ ಒಂದೇ ಪದದಿಂದ ಕೆಲಸ ಸಾಗುವುದಿಲ್ಲ. ಕಾನು ಒಂದು ಬಗೆ. ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿಗೆ ಉತ್ತರ ಕನ್ನಡದಲ್ಲಿ 'ಬೆಟ್ಟ' ಎನ್ನುತ್ತಾರೆ. ಅದು ಎತ್ತರದಲ್ಲೇ ಇರಬೇಕೆಂದಿಲ್ಲ. ಹುಲ್ಲು ಬೆಳೆಯುವ, ದನ ಮೇಯುವ ಇಳಿಜಾರು 'ಬೇಣ'. ಮಳೆಯನ್ನೇ ನಂಬಿದ ಮೇಲುಗದ್ದೆ 'ಮಕ್ಕಿ'. ಕಡಿದಾದ ಇಳುಕಲು 'ಬರೆ'. ದೇವರಿಗೆ ಬಿಟ್ಟ, ಕೊಡಲಿ ತಾಗಬಾರದ ಕಾಡು ಕೊಡಗಿನಲ್ಲಿ 'ದೇವರಕಾಡು'. ಆ ಒಂದು ಪುಟ್ಟ ಜಿಲ್ಲೆಯಲ್ಲೇ ಇಂಥವು ಸಾವಿರಕ್ಕೂ ಹೆಚ್ಚಿವೆ. ಇನ್ನು ಹುಲಿಕಲ್, ಆನೆಝರಿ, ಹಾವಿನಂತೆ ಹರಿಯುವ ನಾಗರಹೊಳೆ - ಇವು ಪ್ರಾಣಿಗಳು ಕೊಟ್ಟ ಹೆಸರುಗಳು. ಹುಲಿಯನ್ನು ಕಂಡವರೇ ಉಳಿದಿರದ ಎಷ್ಟೋ ಊರುಗಳಲ್ಲಿ ಹುಲಿಯ ಹೆಸರಿನ ಕಲ್ಲು, ಗುಡ್ಡಗಳಿವೆ.

ಈ ಪದಗಳನ್ನು ಬಲ್ಲವನು ಹೆಸರು ಕೇಳಿಯೇ ನೆಲದ ಗುಣ ಹೇಳಬಲ್ಲ. ಸಾಗರದ ಬಳಿಯ ಲಿಂಗನಮಕ್ಕಿ ಎಂದರೆ ನಮಗೆ 1964ರಲ್ಲಿ ಪೂರ್ಣಗೊಂಡ ಅಣೆಕಟ್ಟು. ಆದರೆ ಹೆಸರನ್ನು ಮತ್ತೊಮ್ಮೆ ಓದಿ. ಕೊನೆಯಲ್ಲಿರುವುದು ಮಕ್ಕಿ. ಅಣೆಕಟ್ಟಿನ ಹೆಸರಿನಲ್ಲಿ ಇಂದಿಗೂ ಒಂದು ಗದ್ದೆ ಇದೆ. ಕಾಳಿ ನದಿಯ ದಂಡೆಯಲ್ಲಿದ್ದ ಸೂಪಾದ ಕಥೆಯೂ ಅಷ್ಟೇ. ಅದು ತಾಲ್ಲೂಕಿನ ಕೇಂದ್ರವಾಗಿದ್ದ ಊರು. ಅಣೆಕಟ್ಟು ಎದ್ದಾಗ ಊರು ನೀರಿನಡಿ ಸೇರಿತು, ಕಚೇರಿಗಳು ಜೊಯಿಡಾಕ್ಕೆ ಹೋದವು. 'ಸೂಪಾ' ಎಂಬ ಹೆಸರು ಅದನ್ನು ಮುಳುಗಿಸಿದ ಅಣೆಕಟ್ಟಿಗೇ ಅಂಟಿಕೊಂಡಿತು. ಸೂಪಾ ಎಂದರೆ ಮನೆ, ಅಂಗಳ, ಪೇಟೆ ಎಂದು ನೆನೆಯುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಉಳಿದವರಿಗೆ ಸೂಪಾ ಎಂದರೆ ನೀರು, ಕರೆಂಟು.

ಊರು ಮುಳುಗದೆಯೂ ಹೆಸರು ಮುಳುಗಬಹುದು. ಈಗ ಪ್ರವಾಸಿಗಳ ಕಾಲ. ಗುಡ್ಡದ ತುದಿ 'ವ್ಯೂ ಪಾಯಿಂಟ್' ಆಗುತ್ತದೆ, ಪಡುವಣ ಬಂಡೆ 'ಸನ್‌ಸೆಟ್ ಪಾಯಿಂಟ್' ಆಗುತ್ತದೆ. ಮೊಬೈಲ್ ಫೋನಿನ ನಕ್ಷೆಯಲ್ಲಿ ಯಾರೋ ಬೆರಳೊತ್ತಿ ಹಾಕಿದ ಹೆಸರೇ ಮುಂದಿನವರಿಗೆ ಸತ್ಯ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಕಾನು 'ಕ್ಯಾನ್' ಆಗುತ್ತದೆ, ಹಳ್ಳ 'ಹಲ್ಲ' ಆಗುತ್ತದೆ, ಬೇಣ 'ಬೆನಾ' ಆಗುತ್ತದೆ. ಹೆಸರು ಬದಲಾಗಿಲ್ಲ ಎನ್ನಿಸಿದರೂ ಅದರ ಬಾಯಿ ಕಟ್ಟಿಹೋಗಿರುತ್ತದೆ.

ಹೊಸ ಹೆಸರೇ ಬೇಡ ಎಂದು ಇದರ ಅರ್ಥವಲ್ಲ. ಕುಪ್ಪಳಿಯ ಮನೆಯ ಮೇಲಿನ ಬಂಡೆಯ ನೆತ್ತಿಗೆ 'ಕವಿಶೈಲ' ಎಂದು ಹೆಸರಿಟ್ಟವರು ಕುವೆಂಪು. ಅದೂ ಹೊಸ ಹೆಸರೇ. ಆದರೆ ಬಾಲ್ಯದಿಂದಲೂ ಅಲ್ಲಿ ಕೂತು ಸೂರ್ಯೋದಯ, ಸೂರ್ಯಾಸ್ತಗಳನ್ನು ನೋಡಿದ, 1994ರಲ್ಲಿ ಅದೇ ನೆಲದಲ್ಲಿ ಮಣ್ಣಾದ ಕವಿ ಇಟ್ಟ ಹೆಸರು. ಜನ ಅದನ್ನು ತಮ್ಮದೆಂದು ಒಪ್ಪಿಕೊಂಡರು.

ಹೆಸರೇ ಸಾಕ್ಷಿಯಾದಾಗ

ಇಷ್ಟು ಹೊತ್ತು ಮಲೆನಾಡಿನ ಮಾತಾಯಿತು. ಹೆಸರು ಬರಿಯ ನೆನಪಲ್ಲ, ಬದುಕಿನ ಪ್ರಶ್ನೆಯೂ ಹೌದು ಎಂಬುದನ್ನು ತಿಳಿಯಲು ರಾಜ್ಯದ ದಕ್ಷಿಣದ ಅಂಚಿನ ಚಾಮರಾಜನಗರ ಜಿಲ್ಲೆಗೆ ಹೋಗಬೇಕು. ಪೂರ್ವಘಟ್ಟ, ಪಶ್ಚಿಮಘಟ್ಟಗಳು ಕೈಕುಲುಕುವ ಕಡೆ ಬಿಳಿಗಿರಿರಂಗನ ಬೆಟ್ಟವಿದೆ. ದೇವಾಲಯ ನಿಂತಿರುವ ಬಿಳಿಯ ಬಂಡೆಯೇ ಬಿಳಿಗಿರಿ, ಸಂಸ್ಕೃತದಲ್ಲಿ ಶ್ವೇತಾದ್ರಿ. ಈ ಕಾಡಿನ ಹಳೆಯ ನಿವಾಸಿಗಳು ಸೋಲಿಗರು. ಭಾರ್ಗವಿ ಹೊಳೆಯ ದಡದಲ್ಲಿ ನೂರಾರು ವರ್ಷಗಳಿಂದ ನಿಂತಿರುವ ಭಾರಿ ಸಂಪಿಗೆ ಮರ ಅವರಿಗೆ ದೇವರು. ಹೆಸರು 'ದೊಡ್ಡ ಸಂಪಿಗೆ'. ಮರವೇ ಊರಿನ ಹೆಸರಿನಂತೆ ವಿಳಾಸವಾಗಿಬಿಟ್ಟಿದೆ.

ಹೊರಗಿನವರಿಗೆ ಇದು 540 ಚದರ ಕಿಲೋಮೀಟರಿನ ಒಂದೇ ಕಾಡು. ಸೋಲಿಗರಿಗೆ ಹಾಗಲ್ಲ. ಅವರ ಲೆಕ್ಕದಲ್ಲಿ ಇಡೀ ಕಾಡು 'ಎಲ್ಲೆ'ಗಳಾಗಿ ಹಂಚಿಹೋಗಿದೆ. ಒಂದೊಂದು ಎಲ್ಲೆಯೂ ಒಂದೊಂದು ಕುಲದ ಪಾಲನೆಯಲ್ಲಿದೆ. ಪ್ರತಿ ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಬಗೆಯ ಪವಿತ್ರ ತಾಣಗಳು. ಕಲ್ಲುಗುಡಿ ಎಂದರೆ ತೀರಿಹೋದ ಹಿರಿಯರ ಕಲ್ಲು ನೆಟ್ಟ ಜಾಗ. ಅಬ್ಬಿ ಎಂದರೆ ನೀರಿನ ತಾಣ. ಕೊಡಗಿನಲ್ಲಿ, ಆಗುಂಬೆಯಲ್ಲಿ ಕೇಳಿದ ಪದವೇ ಇಲ್ಲಿಯೂ ಬಂತು ನೋಡಿ!

1974ರಲ್ಲಿ ಈ ಕಾಡು ವನ್ಯಧಾಮವಾಯಿತು. ಬೇಟೆ, ಕುಮರಿ ಬೇಸಾಯಗಳು ನಿಂತವು. ಕಾಡಿನ ಒಳಗೆ ಅಲ್ಲಲ್ಲಿ ಇದ್ದ ಸೋಲಿಗರು ರಸ್ತೆ ಬದಿಯ ಪೋಡುಗಳಿಗೆ ಬಂದು ನೆಲೆಸಿದರು. ಮುಂದೆ ಜೇನು, ನೆಲ್ಲಿ, ಪಾಚಿಗಳನ್ನು ಮಾರಾಟಕ್ಕೆ ಸಂಗ್ರಹಿಸುವುದಕ್ಕೂ ನಿಷೇಧ ಬಂತು. 2006ರಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯಿದೆಯನ್ನು ಅಂಗೀಕರಿಸಿತು. ಕಾಡನ್ನು ತಲೆಮಾರುಗಳಿಂದ ಬಳಸಿ ಬಂದವರು ಹಕ್ಕು ಕೇಳಬಹುದು ಎಂದಿತು ಕಾನೂನು. ಆದರೆ ಸಾಕ್ಷಿ? ಪಟ್ಟೆ, ಪಹಣಿ, ಕಂದಾಯದ ರಸೀದಿ ಯಾವುದೂ ಇಲ್ಲದವರು ತಾವು ಇಲ್ಲಿಯವರೇ ಎಂದು ತೋರಿಸುವುದು ಹೇಗೆ?

ಉತ್ತರ ಹೆಸರುಗಳಲ್ಲಿತ್ತು. ಹಿರಿಯ ಸೋಲಿಗರು ಮುಂದೆ, ಏಟ್ರೀ ಸಂಸ್ಥೆಯ ಸಂಶೋಧಕರು ಹಿಂದೆ, ಕೈಯಲ್ಲಿ ಉಪಗ್ರಹದಿಂದ ಸ್ಥಾನ ಗುರುತಿಸುವ ಪುಟ್ಟ ಯಂತ್ರ. ಹೀಗೆ ಕಾಡಿನಲ್ಲಿ ನಡೆದು ನಡೆದು 450ಕ್ಕೂ ಹೆಚ್ಚು ತಾಣಗಳನ್ನು ಹೆಸರು ಸಹಿತ ನಕ್ಷೆಯ ಮೇಲೆ ಗುರುತಿಸಿದರು. ಅರಣ್ಯ ಹಕ್ಕು ಕಾಯಿದೆಯ ನಿಯಮಗಳಲ್ಲಿ ಪವಿತ್ರ ಸ್ಥಳ, ಸಮಾಧಿ ಸ್ಥಳಗಳಂಥ ಹಳೆಯ ಗುರುತುಗಳನ್ನು, ಹಿರಿಯರ ಹೇಳಿಕೆಗಳನ್ನು ಸಾಕ್ಷಿಯಾಗಿ ಪರಿಗಣಿಸಲು ಅವಕಾಶವಿದೆ. ಅಜ್ಜಿ ಹೇಳಿದ ಅಬ್ಬಿಯ ಹೆಸರು, ತಾತ ತೋರಿಸಿದ ಕಲ್ಲುಗುಡಿ - ಸರ್ಕಾರದ ಕಡತಕ್ಕೆ ಸೇರುವ ದಾಖಲೆಗಳಾದವು. 2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ಸಿಕ್ಕಿದ್ದು ಅದೇ ಮೊದಲು. ಕಾಡಿನ ಉತ್ಪನ್ನ ಸಂಗ್ರಹಿಸುವ, ತಮ್ಮ ದೇವರ ತಾಣಗಳಿಗೆ ಹೋಗಿ ಪೂಜಿಸುವ ಹಕ್ಕು ಅದರಲ್ಲಿ ಸೇರಿದೆ.

ಒಂದು ವೇಳೆ ಆ ಹಿರಿಯರು ಹೆಸರುಗಳನ್ನು ಮರೆತಿದ್ದರೆ? ಅಥವಾ ಮಕ್ಕಳಿಗೆ ಹೇಳದೆ ಹೋಗಿದ್ದರೆ? ನಕ್ಷೆಯ ಆ ಭಾಗ ಬರಿಯ ಹಸಿರು ಬಣ್ಣವಾಗಿ ಉಳಿಯುತ್ತಿತ್ತು. 'ಇಲ್ಲಿ ಯಾರೂ ಇರಲಿಲ್ಲ' ಎಂದು ಹೇಳುವುದು ಆಗ ಬಹಳ ಸುಲಭ. ಹೆಸರಿಲ್ಲದ ನೆಲವನ್ನು ಮುಳುಗಿಸಬಹುದು, ಬೇಲಿ ಹಾಕಬಹುದು, ಅಗೆಯಬಹುದು. ಕೇಳುವವರಿರುವುದಿಲ್ಲ.

ನಿಮಗೊಂದು ಕೆಲಸ

ವಿದ್ಯಾರ್ಥಿಗಳೇ, ಇದಕ್ಕೆ ದೊಡ್ಡ ಕಾಡೇ ಬೇಕಾಗಿಲ್ಲ. ನಿಮ್ಮ ಊರಿನ ಹಳ್ಳ, ದಿಬ್ಬ, ತೋಪು, ಕೆರೆಯ ಕೋಡಿ, ಹೊಲದ ನಡುವಿನ ಬಂಡೆ ಯಾವುದಾದರೂ ಸಾಕು. ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ನಾಲ್ಕು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಜಾಗದ ಹೆಸರು, ಊರಿನ ಹಿರಿಯರು ಉಚ್ಚರಿಸುವ ಹಾಗೆಯೇ, ಕನ್ನಡದಲ್ಲಿ. 'ಶುದ್ಧ' ಮಾಡಲು ಹೋಗಬೇಡಿ. ಬ್ಯಾಣ ಎಂದರೆ ಬ್ಯಾಣ ಎಂದೇ ಬರೆಯಿರಿ. ಎರಡನೆಯದರಲ್ಲಿ ಅದಕ್ಕೆ ಹೇಳುವ ಕಾರಣ. ಎರಡು ಕಾರಣ ಕೇಳಿಬಂದರೆ ಎರಡನ್ನೂ ಬರೆಯಿರಿ. ಮೂರನೆಯದರಲ್ಲಿ ಹೇಳಿದವರು ಯಾರು, ಅವರ ವಯಸ್ಸೆಷ್ಟು ಎಂಬುದು. ನಾಲ್ಕನೆಯದು ಮುಖ್ಯ: ಹೆಸರಿನಲ್ಲಿರುವುದು ಈಗಲೂ ಅಲ್ಲಿದೆಯೇ? ಸಂಪಿಗೆಹಳ್ಳದಲ್ಲಿ ಸಂಪಿಗೆ ಇದೆಯೇ? ನವಿಲುಗುಡ್ಡದಲ್ಲಿ ನವಿಲು ಕೂಗುತ್ತದೆಯೇ? ಅಬ್ಬಿಯಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆಯೇ? ಈ ಕಾಲಂ ತುಂಬುತ್ತ ಹೋದಂತೆ ನಿಮ್ಮ ಊರಿನ ಪರಿಸರದ ಚರಿತ್ರೆ ತಾನಾಗಿಯೇ ತಯಾರಾಗುತ್ತದೆ.

ತಂದೆತಾಯಿಯರಿಗೂ ಒಂದು ಮಾತು. ಮುಂದಿನ ರಜೆಯಲ್ಲಿ ಅಜ್ಜನ ಮನೆಗೆ ಹೋದಾಗ ಮಕ್ಕಳನ್ನು ಒಂದು ಬೆಳಗಿನ ಮಟ್ಟಿಗೆ ಅಜ್ಜನ ಜೊತೆ ಗುಡ್ಡಕ್ಕೆ ಕಳುಹಿಸಿ. ಮೊಬೈಲಿನಲ್ಲಿ ಅಜ್ಜನ ದನಿಯನ್ನು ಮುದ್ರಿಸಿಕೊಳ್ಳಲಿ, ಹೆಸರು ಹೇಳಿದ ಜಾಗದಲ್ಲೇ ನಿಂತು ಸ್ಥಾನ ಗುರುತಿಸಿಕೊಳ್ಳಲಿ. ಮಂಡಿನೋವಿನಿಂದ ಅಜ್ಜನಿಗೆ ಹತ್ತಲಾಗದಿದ್ದರೆ ಜಗಲಿಯ ಮೇಲೆ ಕೂತು ಕೈ ತೋರಿಸಿ ಹೇಳಿದರೂ ಆದೀತು. ಊರಿನ ಎಷ್ಟೋ ಹೆಸರುಗಳು ಈಗ ಒಬ್ಬರೋ ಇಬ್ಬರೋ ಹಿರಿಯರ ಬಾಯಲ್ಲಿ ಮಾತ್ರ ಇವೆ. ಮುಂದಿನ ರಜೆಯ ತನಕ ಕಾಯುವುದು ಕಷ್ಟವೆನ್ನಿಸಿದರೆ ಈ ಭಾನುವಾರವೇ ಒಂದು ಫೋನು ಮಾಡಿ ಕೇಳಬಹುದು.